ಬೇರುಗಂಟಿನಿಂದ ಹೆಸರಿನವರೆಗೆ: ಹೊಸ ಬ್ಯಾಕ್ಟೀರಿಯಾ ಪ್ರಭೇದವನ್ನು ಗುರುತಿಸಿ ಹೆಸರಿಡುವ ಕ್ರಮ

2007ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು ಚೀನಾದ ಸಂಶೋಧಕರೊಂದಿಗೆ ಸೇರಿ, ನಮ್ಮ ಭಾಗದ ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾಕ್ಕೆ ಸ್ಟ್ರೆಪ್ಟೊಮೈಸಿಸ್ ಗುಲಬರ್ಗೆನ್ಸಿಸ್ ಎಂದು ಹೆಸರಿಟ್ಟರು. ಅದಾಗಿ ಏಳು ವರ್ಷಕ್ಕೆ, 2014ರ ನವೆಂಬರ್ 1ರಂದು, ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಯಿತು. ಬ್ಯಾಕ್ಟೀರಿಯಾದ ಹೆಸರು ಮಾತ್ರ ಇದ್ದಲ್ಲೇ ಇದೆ. ಎಂ.ಎಸ್ಸಿ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ಊರಿನ ಹೆಸರು ಬದಲಾದ ಮ್ಯಾಲ ಇದನ್ನೂ ಬದಲು ಮಾಡಬೇಕಲ್ರಿ?” ಮಾಡಬೇಕಾಗಿಲ್ಲ, ಮಾಡಲು ಬರುವುದೂ ಇಲ್ಲ. ಹೆಸರು ಈಗ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಅದನ್ನು ತೆಗೆದುಹಾಕಲು ಬ್ಯಾಕ್ಟೀರಿಯಾ ನಾಮಕರಣದ ಸಂಹಿತೆಯಲ್ಲಿ ಅವಕಾಶವಿಲ್ಲ, ಏಕೆಂದರೆ ಆ ಹೆಸರು ಊರಿಗೂ ಅಲ್ಲ, ವರ್ಣನೆಗೂ ಅಲ್ಲ, ಸಂಗ್ರಹಾಲಯವೊಂದರ ಕೊಳವೆಯಲ್ಲಿ ಜೀವಂತವಾಗಿರುವ ಒಂದು ನಿರ್ದಿಷ್ಟ ತಳಿಗೆ ಅಂಟಿಕೊಂಡಿದೆ.

ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಕೊಳವೆಯ ಸುತ್ತಲೇ ಇವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಸಣ್ಣ ಪ್ರಯೋಗಾಲಯ ಇಟ್ಟುಕೊಂಡಿರುವ ಕಾಲೇಜು ಅಧ್ಯಾಪಕರು ತಮ್ಮ ಕೈಗೆ ಬಂದ ಅಪರಿಚಿತ ಬ್ಯಾಕ್ಟೀರಿಯಾ ನಿಜಕ್ಕೂ ಹೊಸದೇ ಎಂದು ತಿಳಿಯುವುದು ಹೇಗೆ, ಹೊಸದಾಗಿದ್ದರೆ ಅದಕ್ಕೆ ನಿಲ್ಲುವಂಥ ಹೆಸರು ಕೊಡುವುದು ಹೇಗೆ ಎಂಬುದನ್ನು ಹೇಳುವುದಕ್ಕಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ತೊಗರಿಯ ಬೇರುಗಂಟನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಅದಕ್ಕಿಂತ ಸುಲಭವಾಗಿ ಸಿಗುವ ಮಾದರಿ ಈ ಸೀಮೆಯಲ್ಲಿ ಬೇರೊಂದಿಲ್ಲ.

ಮೊದಲು ತಿಳಿದಿರಬೇಕಾದ ನಿಯಮ

ಪ್ರಾಣಿಗಳಿಗೊಂದು, ಸಸ್ಯ ಮತ್ತು ಶಿಲೀಂಧ್ರಗಳಿಗೊಂದು ನಾಮಕರಣ ಸಂಹಿತೆ ಇರುವಂತೆ ಬ್ಯಾಕ್ಟೀರಿಯಾ ಮತ್ತು ಅವುಗಳಂತೆಯೇ ಕಾಣುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಗೂ ತಮ್ಮದೇ ಆದ ಅಂತಾರಾಷ್ಟ್ರೀಯ ಸಂಹಿತೆ ಇದೆ. ಹಳೆಯ ಗೊಂದಲವನ್ನೆಲ್ಲ ಗುಡಿಸಿ ಹಾಕಿ 1980ರ ಜನವರಿ 1ರಂದು ಅಂಗೀಕೃತ ಹೆಸರುಗಳ ಪಟ್ಟಿಯನ್ನು ಪ್ರಕಟಿಸಲಾಯಿತು. ಅದುವರೆಗೆ ಬಳಕೆಯಲ್ಲಿದ್ದ ಹತ್ತಾರು ಸಾವಿರ ಹೆಸರುಗಳಲ್ಲಿ ಎರಡು ಸಾವಿರದ ಚಿಲ್ಲರೆ ಮಾತ್ರ ಆ ಪಟ್ಟಿಯಲ್ಲಿ ಉಳಿದವು, ಮಿಕ್ಕವು ಹಕ್ಕು ಕಳೆದುಕೊಂಡವು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ 1980ರಲ್ಲಿ. ವಿದ್ಯಾರ್ಥಿಗಳಿಗೆ ಇಸವಿ ನೆನಪಿರಲೆಂದು ನಾನು ಎರಡನ್ನೂ ಜೋಡಿಸಿ ಹೇಳುತ್ತೇನೆ.

ಸಂಹಿತೆಯ ನಡುಗಂಬ ಎಂದರೆ ಟೈಪ್ ತಳಿ, ಅಂದರೆ ಪ್ರಭೇದದ ಹೆಸರು ಅಂಟಿಕೊಂಡಿರುವ ಆ ಒಂದು ತಳಿ, ಎಂಬ ಕಲ್ಪನೆ. ಹೊಲದ ಮೋಜಣಿ ಮಾಡುವವರು ಮೊದಲು ಬಾಂದುಕಲ್ಲು ಎಲ್ಲಿದೆ ಎಂದು ಹುಡುಕುತ್ತಾರೆ. ಆ ಕಲ್ಲು ಹೊಲದ ನಡುಮಧ್ಯದಲ್ಲಿ ಇರಬೇಕೆಂದಿಲ್ಲ, ಹೊಲದ ಒಳ್ಳೆಯ ಮಣ್ಣು ಇರುವ ಕಡೆ ಇರಬೇಕೆಂದೂ ಇಲ್ಲ. ಅಳತೆ ಅಲ್ಲಿಂದ ಶುರುವಾಗುತ್ತದೆ, ಅಷ್ಟೆ. ಟೈಪ್ ತಳಿಯೂ ಹಾಗೆಯೇ. ಅದು ತನ್ನ ಪ್ರಭೇದದ ಅತ್ಯುತ್ತಮ ಪ್ರತಿನಿಧಿ ಆಗಿರಬೇಕಾಗಿಲ್ಲ, ಆದರೆ ಮುಂದೆ ಯಾರೇ ತಮ್ಮ ತಳಿ ಇದೇ ಪ್ರಭೇದವೋ ಅಲ್ಲವೋ ಎಂದು ನೋಡಬೇಕಾದರೂ ಅದರೊಂದಿಗೇ ಹೋಲಿಸಬೇಕು. ಸಸ್ಯಶಾಸ್ತ್ರದಲ್ಲಿ ಒಣಗಿಸಿ ಹಾಳೆಗೆ ಅಂಟಿಸಿದ ಗಿಡ ಸಾಕು. ಬ್ಯಾಕ್ಟೀರಿಯಾದಲ್ಲಿ ಜೀವಂತ ತಳಿಯೇ ಬೇಕು.

ಹೊಲದಲ್ಲಿ

ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ತೊಗರಿಗೆ 45ರಿಂದ 60 ದಿನವಾದಾಗ ಬೇರುಗಂಟುಗಳು ಚೆನ್ನಾಗಿ ಮೂಡಿರುತ್ತವೆ. ಹೂ ಕಟ್ಟಿದ ಮೇಲೆ ಅವು ಮುದಿಯಾಗಿ ಹಸಿರು ಇಲ್ಲವೇ ಕಂದು ಬಣ್ಣಕ್ಕೆ ತಿರುಗುವುದರಿಂದ ತಡಮಾಡಬಾರದು. ನಮ್ಮ ಎರೆಭೂಮಿಯಲ್ಲಿ ಗಿಡವನ್ನು ಕೈಯಿಂದ ಜಗ್ಗಿದರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿದು ಬರಿಯ ತಾಯಿಬೇರು ಕೈಗೆ ಬರುತ್ತದೆ. ಗಿಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಸಲಿಕೆ ಇಳಿಸಿ, ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮಣ್ಣು ತಾನಾಗಿ ಕರಗುವವರೆಗೆ ಬಿಡಬೇಕು.

ಒಮ್ಮೆ ಆಳಂದ ರಸ್ತೆಯ ಬದಿಯ ಹೊಲವೊಂದರಲ್ಲಿ ಹೀಗೆ ಬೇರು ತೊಳೆಯುತ್ತಿದ್ದಾಗ ಹೊಲದ ಯಜಮಾನರು ಬಂದು, “ಅಕ್ಕಾರ, ಬೇರಿಗೆ ಗಂಟು ಹತ್ಯಾವ, ರೋಗ ಬಂದದೇನ್ರಿ?” ಎಂದು ಗಾಬರಿಯಿಂದ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು, ಏಕೆಂದರೆ ಜಂತುಹುಳುವಿನಿಂದ ಆಗುವ ಬೇರುಗಂಟು ರೋಗವೂ ಮೊದಲ ನೋಟಕ್ಕೆ ಹೀಗೆಯೇ ಕಾಣುತ್ತದೆ. ಉಗುರಿನಿಂದ ಒತ್ತಿದರೆ ಬೇರಿನಿಂದ ಬಿಡಿಯಾಗಿ ಕಳಚಿ ಬರುವುದು ಬ್ಯಾಕ್ಟೀರಿಯಾದ ಗಂಟು. ಬೇರೇ ಊದಿಕೊಂಡಿದ್ದು, ಕೀಳಲು ಹೋದರೆ ಬೇರೇ ತುಂಡಾಗುವುದು ಹುಳುವಿನ ಗಂಟು. ಕಳಚಿದ ಗಂಟನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ತೋರಿಸಿದೆ. ಒಳಗೆ ಎಳೆ ದಾಳಿಂಬೆ ಕಾಳಿನಂತೆ ನಸುಗೆಂಪು ಇತ್ತು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್‌ನಿಂದ ಬರುವ ಆ ಬಣ್ಣ, ಗಂಟು ಸಾರಜನಕ ಹಿಡಿಯುವ ಕೆಲಸದಲ್ಲಿ ತೊಡಗಿದೆ ಎಂಬುದರ ಗುರುತು. ಅಂಥ ಗಂಟುಗಳನ್ನೇ ಆರಿಸಿ, ಬೇರಿನ ಚಿಕ್ಕ ತುಣುಕಿನ ಸಮೇತ ಕತ್ತರಿಸಿ, ತಳದಲ್ಲಿ ಸಿಲಿಕಾ ಜೆಲ್ ಮತ್ತು ಅದರ ಮೇಲೆ ಹತ್ತಿ ಹಾಕಿದ ಕೊಳವೆಯಲ್ಲಿ ಇಡಬೇಕು.

ಅಲ್ಲಿಯೇ ನಿಂತು ಬರೆದುಕೊಳ್ಳಬೇಕಾದ್ದೂ ಇದೆ: ದಿನಾಂಕ, ಅಕ್ಷಾಂಶ-ರೇಖಾಂಶ, ಮಣ್ಣಿನ ಬಗೆ, ಹಿಂದಿನ ಬೆಳೆ, ತೊಗರಿಯ ತಳಿ ಟಿಎಸ್-3ಆರ್‌ ಆಗಿತ್ತೋ ಜಿಆರ್‌ಜಿ-811 ಆಗಿತ್ತೋ, ಬಿತ್ತುವಾಗ ಬೀಜಕ್ಕೆ ಗಂಟು ಕಟ್ಟುವ ರೈಝೋಬಿಯಂ ಬ್ಯಾಕ್ಟೀರಿಯಾ ಲೇಪಿಸಿದ್ದರೋ ಇಲ್ಲವೋ. ಕೊನೆಯ ಪ್ರಶ್ನೆಯನ್ನು ಕೇಳಲು ಮರೆಯುವವರೇ ಹೆಚ್ಚು. ಕೇಳದೇ ಹೋದರೆ, ಪ್ಯಾಕೆಟ್ಟಿನಲ್ಲಿ ಬಂದ ತಳಿಯನ್ನೇ ಹೊಲದಿಂದ ಮತ್ತೆ ಹೆಕ್ಕಿ ತಂದು ಹೊಸದೆಂದು ಒಂದು ವರ್ಷ ಕುಣಿಯುವ ಪ್ರಸಂಗ ಬರುತ್ತದೆ.

ಪ್ಲೇಟಿನ ಮೇಲೆ

ಒಣಗಿದ ಗಂಟನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ನಂತರ ಶೇ. 95ರ ಆಲ್ಕೋಹಾಲ್‌ನಲ್ಲಿ ಸುಮಾರು ಹತ್ತು ಸೆಕೆಂಡ್, ಶೇ. 2.5ರಿಂದ 3ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಎರಡು-ಮೂರು ನಿಮಿಷ ಅದ್ದಿ, ಆಟೋಕ್ಲೇವ್ ಮಾಡಿದ ನೀರಿನಲ್ಲಿ ಆರು ಸಲ ತೊಳೆಯಬೇಕು. ಕೊನೆಯ ಬಾರಿ ತೊಳೆದ ನೀರಿನ ಒಂದು ಹನಿಯನ್ನು ಬೇರೆ ಪ್ಲೇಟಿನ ಮೇಲೆ ಹರಡಿಡುವುದು ಕಡ್ಡಾಯ. ಆ ಪ್ಲೇಟಿನಲ್ಲಿ ಏನಾದರೂ ಬೆಳೆದರೆ ಗಂಟಿನ ಹೊರಮೈ ಸ್ವಚ್ಛವಾಗಿಲ್ಲವೆಂದೇ ಅರ್ಥ, ಆ ದಿನದ ಕೆಲಸವನ್ನು ಕೈಬಿಡಬೇಕು. ಸ್ವಚ್ಛವಾದ ಗಂಟನ್ನು ಒಂದು ಹನಿ ನೀರಿನಲ್ಲಿ ಜಜ್ಜಿ, ಬರುವ ಹಾಲಿನಂಥ ರಸವನ್ನು ಕಾಂಗೋ ರೆಡ್ ಬೆರೆಸಿದ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗರ್ ಮೇಲೆ ಎಳೆದು, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲೆಯಲ್ಲಿ ಇಡಬೇಕು. ನಮ್ಮಲ್ಲಿ ಏಪ್ರಿಲ್ ತಿಂಗಳ ಕೋಣೆಯ ಉಷ್ಣತೆಯೇ ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಿರುವುದರಿಂದ, ತಂಪು ಮಾಡುವ ಸೌಕರ್ಯವಿರುವ ಬಿಓಡಿ ಇನ್‌ಕ್ಯುಬೇಟರ್ ಇಲ್ಲದೆ ಈ ಕೆಲಸ ಆಗುವುದಿಲ್ಲ.

ಇನ್ನು ಕಾಯುವ ಕೆಲಸ. ತೊಗರಿಯ ಗಂಟಿನಲ್ಲಿ ಹೆಚ್ಚಾಗಿ ಸಿಗುವುದು ನಿಧಾನವಾಗಿ ಬೆಳೆಯುವ ಬ್ರ್ಯಾಡಿರೈಝೋಬಿಯಂ. ಗ್ರೀಕ್ ಭಾಷೆಯಲ್ಲಿ ಬ್ರ್ಯಾಡಸ್ ಎಂದರೆ ನಿಧಾನ. 1982ರವರೆಗೆ ಇವೂ ರೈಝೋಬಿಯಂ ಕುಲದಲ್ಲೇ ಇದ್ದವು. ಆ ವರ್ಷ ಇವನ್ನು ಬೇರೆ ಮನೆ ಮಾಡಿ ಇಡಲಾಯಿತು. ಬಣ್ಣ ಹೀರದ, ಬಿಳಿಯ ಪುಟ್ಟ ಕಾಲನಿಗಳು ಕಾಣಲು ಆರರಿಂದ ಹತ್ತು ದಿನ ಬೇಕು. ಎರಡನೆಯ ದಿನವೇ ಪ್ಲೇಟ್ ತುಂಬಿಕೊಂಡರೆ ಅದು ಬೇರೇನೋ ಆಗಿರುವ ಸಾಧ್ಯತೆಯೇ ಹೆಚ್ಚು. ಬ್ರೋಮೋಥೈಮಾಲ್ ಬ್ಲೂ ಹಾಕಿದ ಪ್ಲೇಟಿನಲ್ಲಿ ಬೇಗ ಬೆಳೆಯುವ ರೈಝೋಬಿಯಂ ಆಮ್ಲ ಬಿಟ್ಟು ಹಳದಿ ಮಾಡಿದರೆ, ನಿಧಾನದವು ನೀಲಿಗೆ ತಿರುಗಿಸುತ್ತವೆ.

ಬೇಗ ಬೆಳೆದದ್ದನ್ನೆಲ್ಲ ಎಸೆದುಬಿಡಬೇಕೆಂದೇನೂ ಇಲ್ಲ. ಗಂಟಿನೊಳಗೆ ಬಾಡಿಗೆಗೆ ಇರುವ ಬ್ಯಾಸಿಲಸ್ ಬಳಗದಂಥವುಗಳಲ್ಲೂ ಹೊಸ ಪ್ರಭೇದಗಳು ಸಿಕ್ಕಬಹುದು. ಯಾವುದೇ ಆಗಲಿ, ಒಂಟಿ ಕಾಲನಿಯನ್ನು ಹೆಕ್ಕಿ ಕನಿಷ್ಠ ಮೂರು ಸಲ ಮರಳಿ ಎಳೆದು, ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಒಂದೇ ಬಗೆಯ ಕೋಶಗಳಿವೆ ಎಂದು ಖಾತ್ರಿಯಾಗುವವರೆಗೆ ಮುಂದೆ ಹೋಗಬಾರದು. ಬ್ರ್ಯಾಡಿರೈಝೋಬಿಯಂ ಸುತ್ತ ಲೋಳೆ ಇರುವುದರಿಂದ ಅದರಲ್ಲಿ ಬೇರೊಂದು ಅಡಗಿ ಕೂರುವುದು ಬಹಳ ಸುಲಭ. ಶುದ್ಧವಾದ ತಳಿಯನ್ನು ಮತ್ತೆ ತೊಗರಿ ಸಸಿಗೆ ಕೊಟ್ಟು, ಮರಳು ತುಂಬಿದ ಸ್ಟೆರೈಲ್ ಜಾಡಿಯಲ್ಲಿ ಬೆಳೆಸಿ, ಗಂಟು ಕಟ್ಟುತ್ತದೆಯೇ ಎಂದು ನೋಡಿದ ಮೇಲೆಯೇ ಅದನ್ನು ಬೇರುಗಂಟಿನ ಬ್ಯಾಕ್ಟೀರಿಯಾ ಎನ್ನಬಹುದು.

ಮೊದಲು ಕಾಪಾಡಿ, ಆಮೇಲೆ ಓದಿ

ತಳಿ ಶುದ್ಧವಾದ ದಿನವೇ, ಬೇರೆ ಯಾವ ಪರೀಕ್ಷೆಗೂ ಮೊದಲು, ಶೇ. 15ರಿಂದ 20ರಷ್ಟು ಗ್ಲಿಸರಾಲ್‌ನಲ್ಲಿ ಹಲವು ಕೊಳವೆಗಳನ್ನು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಅವುಗಳಲ್ಲಿ ಕೆಲವನ್ನು ಬೇರೊಂದು ಕಟ್ಟಡದಲ್ಲಿ, ಸಾಧ್ಯವಾದರೆ ಬೇರೊಂದು ಊರಿನಲ್ಲಿ, ಇಡಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ಸುಣ್ಣದ ಕಲ್ಲಿನ ಗಣಿಯೊಂದರ ಮಣ್ಣಿನಿಂದ ಒಂದು ತಳಿ ಸಿಕ್ಕಿತ್ತು. ಪ್ರಭೇದ ಗುರುತಿಸಲು ಬಳಸುವ ಅದರ 16ಎಸ್ ಜೀನಿನ ಸರಣಿ, ಅಂದರೆ ಡಿಎನ್ಎ ಅಕ್ಷರಗಳ ಸಾಲು, ಗೊತ್ತಿದ್ದ ಯಾವ ಪ್ರಭೇದದೊಂದಿಗೂ ಶೇ. 98ಕ್ಕಿಂತ ಹೆಚ್ಚು ಹೊಂದುತ್ತಿರಲಿಲ್ಲ. ಅಗರ್ ಮೇಲೆ ತಳಿ ಬೆಳೆಸಿದ ಸ್ಲಾಂಟ್ ಕೊಳವೆ‌ಗಳನ್ನೆಲ್ಲ ಒಂದೇ ಫ್ರಿಜ್ಜಿನಲ್ಲಿ ಇಟ್ಟು ಬೇಸಿಗೆ ರಜೆಗೆ ಊರಿಗೆ ಹೋದೆ. ಗೋಡೆಗೆ ಬಣ್ಣ ಹಚ್ಚಲು ಬಂದವರು ಪ್ಲಗ್ ಕಿತ್ತು, ಕೆಲಸ ಮುಗಿದ ಮೇಲೆ ಮರಳಿ ಹಾಕಲು ಮರೆತರು. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಫ್ರಿಜ್ಜು ಮೂರು ವಾರ ಹಾಗೆಯೇ ನಿಂತಿತ್ತು. ಬಂದು ನೋಡಿದಾಗ ಅಗರ್ ಒಣಗಿ ಹಪ್ಪಳವಾಗಿತ್ತು. ಎಷ್ಟು ಸಲ ಎಳೆದರೂ ಒಂದು ಕಾಲನಿ ಏಳಲಿಲ್ಲ. ಸರಣಿ ಇಂದಿಗೂ ನನ್ನ ಹತ್ತಿರ ಇದೆ, ಹೆಸರು ಮಾತ್ರ ಯಾವತ್ತೂ ಬರಲಿಲ್ಲ. ಆ ಗಣಿಗೆ ಮತ್ತೆ ಎರಡು ಸಲ ಹೋಗಿ ಮಣ್ಣು ತಂದರೂ ಅದು ಮತ್ತೆ ಸಿಗಲಿಲ್ಲ.

ಕೊಳವೆಯ ಮೇಲೆ ಸಾಧಾರಣ ಮಾರ್ಕರ್‌ನಿಂದ ಬರೆದರೆ ಸ್ಪಿರಿಟ್ ತಾಗಿದ ಕೂಡಲೇ ಅಳಿಸಿಹೋಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪೆನ್ಸಿಲ್‌ನಿಂದ ಬರೆದ ಚೀಟಿಯ ಮೇಲೆ ಟೇಪ್ ಸುತ್ತುವುದು ಅಗ್ಗದ ಮತ್ತು ನಂಬಿಕೆಯ ಉಪಾಯ.

16ಎಸ್ ಹೇಳುವುದು, ಹೇಳದೇ ಬಿಡುವುದು

ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಪ್ರೋಟೀನ್ ಕಟ್ಟುವ ರೈಬೋಸೋಮ್ ಇರುತ್ತದೆ, ಅದರ ಒಂದು ಭಾಗಕ್ಕೆ ಸೂಚನೆ ಕೊಡುವ ಸುಮಾರು 1,500 ಅಕ್ಷರಗಳ ಜೀನ್ 16ಎಸ್. ಈ ಅಣುವನ್ನು ಹೋಲಿಸಿಯೇ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆರ್ಕಿಯಾಗಳು ಬ್ಯಾಕ್ಟೀರಿಯಾಗಳಿಂದ ಬೇರೆಯವೆಂದು ತೋರಿಸಿದರು. ಇಂದು 27ಎಫ್ ಮತ್ತು 1492ಆರ್ ಎಂಬ ಪ್ರೈಮರ್ ಜೋಡಿಯಿಂದ ಪಿಸಿಆರ್ ಮಾಡಿ, ಎರಡೂ ದಿಕ್ಕಿನಿಂದ ಓದಿಸಿ, ತುದಿಯ ಮಸುಕಾದ ಅಕ್ಷರಗಳನ್ನು ಕತ್ತರಿಸಿ ಜೋಡಿಸಿದರೆ 1,400ರ ಆಸುಪಾಸಿನ ಸರಣಿ ಕೈಗೆ ಬರುತ್ತದೆ.

ಆ ಸರಣಿಯನ್ನು ಎಲ್ಲಿ ಹೋಲಿಸುತ್ತೀರಿ ಎಂಬುದು ಮುಖ್ಯ. ಅಮೆರಿಕದ ಸಾರ್ವಜನಿಕ ಭಂಡಾರದಲ್ಲಿ ಬ್ಲಾಸ್ಟ್ ಎಂಬ ತಂತ್ರಾಂಶದಿಂದ ಹೋಲಿಸಿದರೆ ಮೇಲಿನ ಸಾಲಿನಲ್ಲಿ ಬರುವುದು ಯಾರೋ ತಪ್ಪು ಹೆಸರಿಟ್ಟು ಸೇರಿಸಿದ ಸರಣಿಯೂ ಆಗಿರಬಹುದು. ಈಝಡ್‌ಬಯೋಕ್ಲೌಡ್ ಎಂಬ ತಾಣ ಟೈಪ್ ತಳಿಗಳ ಸರಣಿಯೊಂದಿಗೆ ಹೋಲಿಸಿಕೊಡುತ್ತದೆ. ಬಾಂದುಕಲ್ಲಿನಿಂದ ಅಳೆಯುವುದೆಂದರೆ ಇದು. ಶೇ. 97 ಎಂಬ 1994ರ ಹಳೆಯ ಗಡಿ ಈಗ ಶೇ. 98.7ರ ಹತ್ತಿರಕ್ಕೆ ಏರಿದೆ. 1,400 ಅಕ್ಷರದಲ್ಲಿ ಶೇ. 1.3 ಎಂದರೆ ಹದಿನೆಂಟು ಅಕ್ಷರ ಚಿಲ್ಲರೆ. ಹತ್ತಿರದ ಟೈಪ್ ತಳಿಗಿಂತ ನಿಮ್ಮದರಲ್ಲಿ ಹತ್ತೊಂಬತ್ತು ಅಥವಾ ಅದಕ್ಕಿಂತ ಹೆಚ್ಚು ಅಕ್ಷರ ಬೇರೆಯಾಗಿದ್ದರೆ ಅದು ಹೊಸ ಪ್ರಭೇದವೆಂದು ಬಹುಮಟ್ಟಿಗೆ ನಂಬಬಹುದು.

ಆದರೆ ಇದರ ತಿರುಗುಮುರುಗು ನಿಜವಲ್ಲ. ಹದಿನಾಲ್ಕು ಅಕ್ಷರ ಮಾತ್ರ ಬೇರೆ, ಶೇ. 99 ಹೊಂದಿತು, ಆದ್ದರಿಂದ ಹೊಸದಲ್ಲ ಎಂದು ಹೇಳುವಂತಿಲ್ಲ. ಬ್ರ್ಯಾಡಿರೈಝೋಬಿಯಂ ಕುಲದಲ್ಲಿ ಈ ಜೀನ್ ಎಷ್ಟು ನಿಧಾನವಾಗಿ ಬದಲಾಗಿದೆಯೆಂದರೆ, ಸ್ಪಷ್ಟವಾಗಿ ಬೇರೆಬೇರೆಯಾದ ಪ್ರಭೇದಗಳೂ ಶೇ. 99ಕ್ಕಿಂತ ಹೆಚ್ಚು ಹೊಂದಿಕೊಳ್ಳುತ್ತವೆ. ಪ್ರಾಜೆಕ್ಟ್ ವಿದ್ಯಾರ್ಥಿಗಳು ಮುಖ ಬಾಡಿಸಿಕೊಂಡು ಕೆಲಸ ನಿಲ್ಲಿಸುವುದು ಇಲ್ಲಿಯೇ, ನಿಲ್ಲಿಸಬೇಕಾಗಿಲ್ಲ. ರೆಕ್‌ಎ, ಜಿಎಲ್‌ಎನ್-2, ಎಟಿಪಿ-ಡಿಯಂಥ ಮನೆಗೆಲಸದ, ಅಂದರೆ ಕೋಶದ ದಿನನಿತ್ಯದ ಕೆಲಸ ನೋಡಿಕೊಳ್ಳುವ, ಜೀನ್‌ಗಳನ್ನು ಓದಿಸಿದರೆ ಚಿತ್ರ ತಿಳಿಯಾಗುತ್ತದೆ. ಗಂಟು ಕಟ್ಟಲು ಬೇಕಾದ ನಾಡ್ ಜೀನ್‌ಗಳನ್ನು ಮಾತ್ರ ಪ್ರಭೇದ ನಿರ್ಧಾರಕ್ಕೆ ಬಳಸಬಾರದು, ಅವು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಗಡವಾಗಿ ದಾಟುತ್ತವೆ.

ಜೀನೋಮ್: ಈಗಿನ ತೀರ್ಪುಗಾರ

ಜೀನೋಮ್ ಸರಣಿ, ಅಂದರೆ ಜೀವಿಯ ಇಡೀ ಡಿಎನ್ಎಯ ಅಕ್ಷರಗಳ ಸಾಲು, ಇಲ್ಲದ ಹೊಸ ಪ್ರಭೇದದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ಈಗ ತೆಗೆದುಕೊಳ್ಳುವುದಿಲ್ಲ. ಡಿಎನ್ಎ ತೆಗೆದು ಹೊರಗಿನ ಸೇವಾಕೇಂದ್ರಕ್ಕೆ ಕಳಿಸುವುದು ಸಣ್ಣ ಪ್ರಯೋಗಾಲಯಗಳಿಗೆ ಸರಿಹೋಗುವ ದಾರಿ. ಪ್ರತಿ ಅಕ್ಷರವನ್ನು ಸರಾಸರಿ ಐವತ್ತು ಸಲವಾದರೂ ಓದಿರಬೇಕೆಂದು 2018ರಲ್ಲಿ ಸೂಚಿಸಲಾದ ಕನಿಷ್ಠ ಮಾನದಂಡ ಹೇಳುತ್ತದೆ. ಬಂದ ಜೀನೋಮ್‌ನಲ್ಲಿ ಬೇರೆ ಬ್ಯಾಕ್ಟೀರಿಯಾದ ತುಣುಕು ಬೆರೆತಿದೆಯೇ ಎಂದು ಚೆಕ್‌ಎಂ ತಂತ್ರಾಂಶದಿಂದ ನೋಡಬೇಕು, ಮತ್ತು ಜೀನೋಮ್‌ನೊಳಗಿನ 16ಎಸ್ ನೀವು ಮೊದಲು ಓದಿಸಿದ 16ಎಸ್‌ಗೆ ಹೊಂದುತ್ತದೆಯೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಹೊಂದದಿದ್ದರೆ ಎಲ್ಲೋ ಕೊಳವೆ ಅದಲುಬದಲಾಗಿದೆ.

ಹಿಂದೆ ಎರಡು ತಳಿಗಳ ಡಿಎನ್ಎಯನ್ನು ಬಿಸಿಮಾಡಿ ಬಿಡಿಸಿ, ತಂಪಾಗಿಸುವಾಗ ಒಂದರೊಂದಿಗೆ ಇನ್ನೊಂದು ಎಷ್ಟು ಹೆಣೆದುಕೊಳ್ಳುತ್ತದೆ ಎಂದು ನೋಡುತ್ತಿದ್ದರು. 1987ರಲ್ಲಿ ಒಪ್ಪಿಕೊಂಡ ಗಡಿ ಶೇ. 70. ಆ ಪ್ರಯೋಗ ಬಹಳ ತ್ರಾಸದ್ದು. ಒಂದು ಪ್ರಯೋಗಾಲಯದ ಅಂಕಿ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಈಗ ಎರಡು ಜೀನೋಮ್‌ಗಳನ್ನು ಗಣಕದಲ್ಲಿ ತುಂಡು ಮಾಡಿ, ಹೊಂದುವ ತುಂಡುಗಳ ಸರಾಸರಿ ಅಕ್ಷರ ಸಾಮ್ಯವನ್ನು ಎಣಿಸುತ್ತಾರೆ. ಎಎನ್‌ಐ ಎಂದು ಕರೆಯುವ ಈ ಅಂಕಿ ಶೇ. 95-96ಕ್ಕಿಂತ ಕಡಿಮೆ ಇದ್ದರೆ ಎರಡೂ ಬೇರೆ ಪ್ರಭೇದ. ಜರ್ಮನಿಯ ಡಿಎಸ್‌ಎಂಝಡ್ ಸಂಸ್ಥೆ ನಡೆಸುವ ಟಿವೈಜಿಎಸ್ ತಾಣಕ್ಕೆ ಜೀನೋಮ್ ಏರಿಸಿದರೆ, ಹತ್ತಿರದ ಟೈಪ್ ತಳಿಗಳನ್ನು ಅದೇ ಹುಡುಕಿ, ಹಳೆಯ ಶೇ. 70ರ ಗಡಿಗೆ ಸಮನಾದ ಲೆಕ್ಕವನ್ನೂ ವಂಶವೃಕ್ಷವನ್ನೂ ಶುಲ್ಕವಿಲ್ಲದೆ ಕೊಡುತ್ತದೆ.

ಗಡಿಯ ಹತ್ತಿರದ ಅಂಕಿ ಬಂದಾಗ, ಉದಾಹರಣೆಗೆ ಎಎನ್‌ಐ ಶೇ. 95.4 ಬಂದಾಗ, ಅವಸರಪಡಬಾರದು ಎಂಬುದು ನನ್ನ ಅಭಿಪ್ರಾಯ. ಪ್ರಕೃತಿ ಶೇ. 95ರಲ್ಲಿ ಬೇಲಿ ಹಾಕಿಕೊಂಡು ಕುಳಿತಿಲ್ಲ. ಅಂಥ ಸಂದರ್ಭದಲ್ಲಿ ಬೇರೆ ಹೊಲಗಳಿಂದ ಇನ್ನಷ್ಟು ತಳಿಗಳನ್ನು ತಂದು ನೋಡಬೇಕು. ಒಂದೇ ತಳಿಯ ಮೇಲೆ ಪ್ರಭೇದ ಕಟ್ಟಲು ಸಂಹಿತೆ ಅಡ್ಡಿ ಮಾಡುವುದಿಲ್ಲ, ಆದರೆ ಚಿತ್ತಾಪುರದಲ್ಲೊಂದು, ಶಹಾಪುರದಲ್ಲೊಂದು, ಹುಮನಾಬಾದಿನಲ್ಲೊಂದು ಸಿಕ್ಕಿದ ಪ್ರಭೇದಕ್ಕೆ ಇರುವ ತೂಕ ಒಂಟಿ ತಳಿಗೆ ಇರುವುದಿಲ್ಲ.

ಇದರ ಜೊತೆಗೆ ಉಷ್ಣತೆ, ಪಿಎಚ್, ಉಪ್ಪು ಇವುಗಳ ಯಾವ ಮಿತಿಯಲ್ಲಿ ಬೆಳೆಯುತ್ತದೆ, ಯಾವ ಸಕ್ಕರೆಗಳನ್ನು ಬಳಸುತ್ತದೆ, ಕೋಶಪೊರೆಯ ಕೊಬ್ಬಿನಾಮ್ಲಗಳು ಮತ್ತು ಕ್ವಿನೋನ್‌ಗಳು ಯಾವುವು ಎಂಬ ವರ್ಣನೆಯೂ ಬೇಕು. ನೆರೆಯ ಪ್ರಭೇದಗಳ ಟೈಪ್ ತಳಿಗಳನ್ನು ತರಿಸಿ, ನಿಮ್ಮ ತಳಿಯ ಪಕ್ಕದಲ್ಲೇ, ಅದೇ ದಿನ, ಅದೇ ಮಾಧ್ಯಮದಲ್ಲಿ ಬೆಳೆಸಿ ಹೋಲಿಸಬೇಕು. ಹಳೆಯ ಲೇಖನದ ಪಟ್ಟಿಯಿಂದ ಅಂಕಿ ಎತ್ತಿ ಹಾಕುವುದು ಹೋಲಿಕೆಯಲ್ಲ.

ಹೆಸರು ಕಟ್ಟುವುದು

ಹೆಸರು ಎರಡು ಪದಗಳದು: ಕುಲದ ಹೆಸರು, ಅದರ ಮುಂದೆ ಪ್ರಭೇದದ ವಿಶೇಷಣ. ಎರಡೂ ಲ್ಯಾಟಿನ್ ವ್ಯಾಕರಣಕ್ಕೆ ಒಪ್ಪಬೇಕು. ನಮ್ಮವರು ಎಡವುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಲ್ಯಾಟಿನ್‌ನಲ್ಲಿ ಶಬ್ದವನ್ನು ಅನುಸರಿಸುತ್ತದೆ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ: ಹೆಂಡತಿ ಎಂಬ ಒಂದೇ ಅರ್ಥದಲ್ಲಿ ಭಾರ್ಯಾ ಸ್ತ್ರೀಲಿಂಗ, ದಾರ ಪುಲ್ಲಿಂಗ, ಕಲತ್ರ ನಪುಂಸಕಲಿಂಗ. ಹಾಗೆಯೇ ಬ್ಯಾಸಿಲಸ್, ಸ್ಟ್ರೆಪ್ಟೊಮೈಸಿಸ್ ಪುಲ್ಲಿಂಗ, ಸ್ಯೂಡೋಮೊನಾಸ್ ಸ್ತ್ರೀಲಿಂಗ, ರೈಝೋಬಿಯಂ, ಬ್ರ್ಯಾಡಿರೈಝೋಬಿಯಂ ನಪುಂಸಕಲಿಂಗ. ಊರಿನ ಹೆಸರಿನಿಂದ ವಿಶೇಷಣ ಮಾಡುವಾಗ ಪುಲ್ಲಿಂಗ, ಸ್ತ್ರೀಲಿಂಗಗಳಿಗೆ ‘ಎನ್ಸಿಸ್’, ನಪುಂಸಕಕ್ಕೆ ‘ಎನ್ಸೆ’ ಪ್ರತ್ಯಯ ಬರುತ್ತದೆ. ಬೀದರಿನ ಮಣ್ಣಿನಲ್ಲಿ ಹೊಸ ಸ್ಟ್ರೆಪ್ಟೊಮೈಸಿಸ್ ಸಿಕ್ಕರೆ ಅದು ಬೀದರೆನ್ಸಿಸ್ ಆಗಬಹುದು. ಅದೇ ಊರಿನ ಬ್ರ್ಯಾಡಿರೈಝೋಬಿಯಂ ಆದರೆ ಬೀದರೆನ್ಸೆ.

ವ್ಯಕ್ತಿಯ ಹೆಸರಿನಿಂದ ಕಟ್ಟುವುದಾದರೆ ಗಂಡಸರಿಗೆ ಸಾಮಾನ್ಯವಾಗಿ ‘ಇ’, ಹೆಂಗಸರಿಗೆ ‘ಎಇ’ ಅಕ್ಷರಗಳು ಕೊನೆಯಲ್ಲಿ ಸೇರುತ್ತವೆ. ಹೈದರಾಬಾದಿನಿಂದ ಹಾರಿಬಿಟ್ಟ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದಲ್ಲಿ ಹಿಡಿದು ತಂದ ಗಾಳಿಯ ಮಾದರಿಗಳಿಂದ ಬೇರ್ಪಡಿಸಿದ ಮೂರು ಬ್ಯಾಕ್ಟೀರಿಯಾಗಳಿಗೆ 2009ರಲ್ಲಿ ಹೆಸರಿಟ್ಟಾಗ, ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನೆನಪಿಗೆ ಜಾನಿಬ್ಯಾಕ್ಟರ್ ಹಾಯ್ಲೆಇ, ಆರ್ಯಭಟನ ನೆನಪಿಗೆ ಬ್ಯಾಸಿಲಸ್ ಆರ್ಯಭಟ್ಟೈ, ಇಸ್ರೋ ಸಂಸ್ಥೆಯ ಹೆಸರಿನಿಂದ ಬ್ಯಾಸಿಲಸ್ ಇಸ್ರೋನೆನ್ಸಿಸ್ ಎಂದು ಕಟ್ಟಿದರು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಅಸಭ್ಯವೆಂದು ಎಣಿಸಲಾಗುತ್ತದೆ, ಮಾರ್ಗದರ್ಶಕರ ಹೆಸರಿಡಿ ಎಂಬ ಒತ್ತಡ ಬಂದರೆ ಈ ಮಾತನ್ನು ಮೆಲ್ಲಗೆ ನೆನಪಿಸಬಹುದು.

ಆತಿಥೇಯ ಸಸ್ಯದ ಹೆಸರೂ ಒಳ್ಳೆಯ ಮೂಲ. ತೊಗರಿಯ ವೈಜ್ಞಾನಿಕ ಹೆಸರು ಕಜಾನಸ್ ಕಜಾನ್. ಅದರಿಂದ ಬ್ರ್ಯಾಡಿರೈಝೋಬಿಯಂ ಕಜಾನಿ, ಅಂದರೆ ‘ತೊಗರಿಯ’ ಬ್ರ್ಯಾಡಿರೈಝೋಬಿಯಂ, ಎಂಬ ಹೆಸರನ್ನು 2017ರಲ್ಲಿ ಆಗಲೇ ಕೊಟ್ಟಾಗಿದೆ. ಆ ತಳಿ ಸಿಕ್ಕಿದ್ದು ತೊಗರಿಯ ಕಣಜವೆಂದು ಕರೆಸಿಕೊಳ್ಳುವ ನಮ್ಮ ಜಿಲ್ಲೆಯಲ್ಲಲ್ಲ, ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ! ನನಗೆ ಇದು ಸ್ವಲ್ಪ ಹೊಟ್ಟೆ ಉರಿಸುವ ಸಂಗತಿ, ಸುಳ್ಳು ಯಾಕೆ ಹೇಳಲಿ. ಒಂದು ಕುಲದೊಳಗೆ ಒಂದು ವಿಶೇಷಣವನ್ನು ಒಮ್ಮೆ ಮಾತ್ರ ಬಳಸಬಹುದಾದ್ದರಿಂದ, ಹೆಸರು ಆರಿಸುವ ಮೊದಲು ಎಲ್‌ಪಿಎಸ್‌ಎನ್ ತಾಣದಲ್ಲಿ ಹುಡುಕಲೇಬೇಕು. ಫ್ರಾನ್ಸಿನ ಜಾನ್ ಯೂಜೆಬಿ 1997ರಲ್ಲಿ ಆರಂಭಿಸಿದ ಈ ಹೆಸರುಗಳ ಪಟ್ಟಿಯನ್ನು ಈಗ ಡಿಎಸ್‌ಎಂಝಡ್ ನೋಡಿಕೊಳ್ಳುತ್ತಿದೆ.

ಎರಡು ದೇಶ, ಎರಡು ಸಂಗ್ರಹ

ಟೈಪ್ ತಳಿಯನ್ನು ಕನಿಷ್ಠ ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ, ಕೇಳಿದವರಿಗೆ ಸಿಗುವಂತೆ, ಠೇವಣಿ ಇಡಬೇಕೆಂಬುದು 2001ರಿಂದ ಜಾರಿಯಲ್ಲಿರುವ ನಿಯಮ. ನಮ್ಮ ದೇಶದಲ್ಲಿ ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಎಂಆರ್ ಮತ್ತು ಕೃಷಿ ಬ್ಯಾಕ್ಟೀರಿಯಾಗಳಿಗೆಂದೇ ಉತ್ತರ ಪ್ರದೇಶದ ಮವೂನಲ್ಲಿ ಇರುವ ಸಂಗ್ರಹ ಇವೆ. ಹೊರಗೆ ಜರ್ಮನಿಯ ಡಿಎಸ್‌ಎಂಝಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ ಮುಂತಾದವು ಇವೆ.

ಇಲ್ಲಿ ಭಾರತದ ಕಾನೂನೂ ಬರುತ್ತದೆ. ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಹೊಸ ಜೀವಿಪ್ರಭೇದ ಕಂಡುಹಿಡಿದವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ವಿದೇಶಕ್ಕೆ ತಳಿ ಕಳಿಸುವ ವಿಚಾರದಲ್ಲಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ವಿಧಿವಿಧಾನಗಳನ್ನು ಪಾಲಿಸಬೇಕು. ಲೇಖನ ಬರೆದು ಮುಗಿಸಿದ ಮೇಲೆ ಇದನ್ನು ನೆನಪಿಸಿಕೊಂಡವರು ತಿಂಗಳುಗಟ್ಟಲೆ ಕಾಯುತ್ತಾರೆ. ಜೀನೋಮ್‌ನ ಅಂಕಿ ಕೈಗೆ ಬಂದ ವಾರವೇ ಅರ್ಜಿ ಸಿದ್ಧಪಡಿಸಬೇಕು. ಸಂಗ್ರಹಾಲಯವು ತಳಿಯನ್ನು ಮರಳಿ ಬೆಳೆಸಿ, ಶುದ್ಧವೆಂದು ಕಂಡುಕೊಂಡ ಮೇಲೆ ಸಂಖ್ಯೆ ಮತ್ತು ಪ್ರಮಾಣಪತ್ರ ಕೊಡುತ್ತದೆ. ಅವಿಲ್ಲದೆ ಹೆಸರು ಊರ್ಜಿತವಾಗುವುದಿಲ್ಲ. ಅವರು ಬೆಳೆಸಿದ ತಳಿಯಿಂದ ಒಂದು ಕೊಳವೆಯನ್ನು ಮರಳಿ ತರಿಸಿ 16ಎಸ್ ಓದಿಸುವುದು ಅತಿ ಎಚ್ಚರಿಕೆ ಎನಿಸಬಹುದು, ಆದರೂ ಮಾಡಿಸಿ.

ಪ್ರಕಟಣೆ

ಯಾವುದಾದರೂ ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಹೆಸರಿಗೆ ಹಕ್ಕು ಬರುವುದಿಲ್ಲ. ಐಜೆಎಸ್‌ಇಎಂ ಎಂಬ ಅಧಿಕೃತ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಬೇಕು, ಇಲ್ಲವೇ ಬೇರೆಡೆ ಪ್ರಕಟವಾದ ಲೇಖನದ ಪ್ರತಿ ಮತ್ತು ಠೇವಣಿಯ ಪ್ರಮಾಣಪತ್ರಗಳನ್ನು ಅಲ್ಲಿಗೆ ಕಳಿಸಿ ಅದರ ಊರ್ಜಿತ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಸ್ಟ್ರೆಪ್ಟೊಮೈಸಿಸ್ ಗುಲಬರ್ಗೆನ್ಸಿಸ್ ಕುರಿತ ಲೇಖನವೂ ಮೊದಲು ಬೇರೆ ಪತ್ರಿಕೆಯಲ್ಲೇ ಬಂದಿತ್ತು. ಈ ಎರಡನೆಯ ಹೆಜ್ಜೆ ಇಡದೆ ಬಿಟ್ಟ ಹೆಸರುಗಳು ಬಹಳ ಇವೆ. ಪತ್ರಿಕೆಯಲ್ಲಿ ಸುದ್ದಿ, ಕಾಲೇಜಿನಲ್ಲಿ ಸನ್ಮಾನ ಎಲ್ಲ ಆಗಿರುತ್ತದೆ, ಪಟ್ಟಿಯಲ್ಲಿ ಮಾತ್ರ ಹೆಸರಿರುವುದಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಯಲೊಲ್ಲದ ಬ್ಯಾಕ್ಟೀರಿಯಾಗಳಿಗೆ ಈ ದಾರಿಯಿಲ್ಲ. ಬದನೆಯ ಸಣ್ಣೆಲೆ ರೋಗ ತರುವ ಫೈಟೊಪ್ಲಾಸ್ಮಾದಂಥವುಗಳನ್ನು ‘ಕ್ಯಾಂಡಿಡೇಟಸ್’ ಎಂಬ ಪದ ಸೇರಿಸಿ ತಾತ್ಕಾಲಿಕವಾಗಿ ಕರೆಯುವ ರೂಢಿ 1990ರ ದಶಕದಿಂದ ಇದೆ. ಕೊಳವೆಯ ಬದಲು ಜೀನೋಮ್ ಸರಣಿಯನ್ನೇ ಟೈಪ್ ಎಂದು ಒಪ್ಪುವ ಸೀಕ್‌ಕೋಡ್ ಎಂಬ ಬೇರೊಂದು ಸಂಹಿತೆ 2022ರಲ್ಲಿ ಬಂದಿದೆ. ನನ್ನ ಕಳೆದುಹೋದ ತಳಿಯ ನೆನಪಾದಾಗ ಅದು ಆಸೆ ಹುಟ್ಟಿಸುತ್ತದೆ, ಆದರೆ ನನ್ನ ಬಳಿ ಇರುವುದು ಬರೀ 16ಎಸ್; ಸೀಕ್‌ಕೋಡ್ ಕೇಳುವುದು ಒಳ್ಳೆಯ ಗುಣಮಟ್ಟದ ಜೀನೋಮ್. ಬೆಳೆಸಲು ಬರುವ ಬ್ಯಾಕ್ಟೀರಿಯಾ ಇದ್ದವರು ಹಳೆಯ ದಾರಿಯಲ್ಲೇ ಹೋಗುವುದು ಲೇಸು.

ಇಟ್ಟ ಹೆಸರು ಬದಲಾದಾಗ

ಕುಲಗಳನ್ನು ಜೀನೋಮ್ ನೋಡಿ ಮತ್ತೆ ಮತ್ತೆ ವಿಂಗಡಿಸುತ್ತಿರುವ ಕಾಲ ಇದು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದು 23 ಹೊಸ ಕುಲಗಳನ್ನು ಮಾಡಲಾಯಿತು. ದೋಸೆಹಿಟ್ಟು ಹುಳಿಸುವವರಲ್ಲಿ ಒಂದಾದ ಫರ್ಮೆಂಟಂ ಈಗ ಲಿಮೋಸಿಲ್ಯಾಕ್ಟೋಬ್ಯಾಸಿಲಸ್‌ನಲ್ಲಿದೆ. 2021ರಲ್ಲಿ ಕುಲಕ್ಕಿಂತ ಬಹಳ ಮೇಲಿನ ಫೈಲಮ್ ಮಟ್ಟದ ಹೆಸರುಗಳಿಗೂ ‘ಓಟ’ ಎಂಬ ಅಂತ್ಯ ಕಡ್ಡಾಯವಾಗಿ, ಪಠ್ಯಪುಸ್ತಕದ ಫರ್ಮಿಕ್ಯೂಟ್ಸ್ ಬ್ಯಾಸಿಲೋಟ ಆಯಿತು. ಸೋಯಾಬೀನ್ ಗಂಟಿನ ಯುಎಸ್‌ಡಿಎ 110 ಎಂಬ ಪ್ರಸಿದ್ಧ ತಳಿಯ ಜೀನೋಮ್ 2002ರಲ್ಲಿ ಪ್ರಕಟವಾದಾಗ ಅದು ಬ್ರ್ಯಾಡಿರೈಝೋಬಿಯಂ ಜಪೋನಿಕಂ ಆಗಿತ್ತು, 2013ರಿಂದ ಡಯಾಝೋಎಫಿಶಿಯನ್ಸ್ ಆಗಿದೆ.

ನಮ್ಮ ರೈತರಿಗೆ ನೇರವಾಗಿ ತಾಗುವ ಬದಲಾವಣೆ ಒಂದಿದೆ. ರಂಜಕ ಕರಗಿಸಲು ಮಾರುವ ಜೈವಿಕ ಗೊಬ್ಬರದ ಪ್ಯಾಕೆಟ್ಟಿನ ಮೇಲೆ ಬ್ಯಾಸಿಲಸ್ ಮೆಗಾಟೇರಿಯಂ ಎಂದಿರುತ್ತದೆ. 2020ರಲ್ಲಿ ಬ್ಯಾಸಿಲಸ್ ಕುಲವನ್ನು ಒಡೆದಾಗ ಅದು ಪ್ರೀಸ್ಟಿಯಾ ಮೆಗಾಟೇರಿಯಂ ಆಯಿತು. ಬಲೂನಿನಲ್ಲಿ ಸಿಕ್ಕ ಆರ್ಯಭಟ್ಟೈ ಕೂಡ ಪ್ರೀಸ್ಟಿಯಾ ಆರ್ಯಭಟ್ಟೈ ಆಯಿತು. ಹೆಸರಿನ ಮೊದಲ ಪದ ಬದಲಾದರೂ ಎರಡನೆಯದು ಉಳಿಯುವುದನ್ನು ಗಮನಿಸಿ, ಅಗತ್ಯವಿದ್ದರೆ ಲಿಂಗದ ಪ್ರತ್ಯಯ ಮಾತ್ರ ತಿದ್ದುಪಡಿಯಾಗುತ್ತದೆ. ಅಂಗಡಿಯಲ್ಲಿ ಎರಡು ಪ್ಯಾಕೆಟ್ಟುಗಳ ಮೇಲೆ ಎರಡು ಹೆಸರು ಕಂಡು ಯಾವುದು ಅಸಲಿ ಎಂದು ಕೇಳುವ ರೈತರಿಗೆ ಎರಡೂ ಒಂದೇ ಎಂದು ಹೇಳಬಹುದು. ಕೊಳ್ಳುವಾಗ ನೋಡಬೇಕಾದ್ದು ಅವಧಿ ಮುಗಿಯುವ ದಿನಾಂಕ ಮತ್ತು ಪ್ಯಾಕೆಟ್ ಬಿಸಿಲಿನಲ್ಲಿ ಇತ್ತೋ ನೆರಳಿನಲ್ಲಿ ಇತ್ತೋ ಎಂಬುದು.

ನೀವು ಇಟ್ಟ ಹೆಸರಿಗೂ ಇದು ಆಗಬಹುದು. ಯಾರೋ ನಿಮ್ಮ ಪ್ರಭೇದವನ್ನು ಬೇರೆ ಕುಲಕ್ಕೆ ಸಾಗಿಸಬಹುದು, ಅಥವಾ ಅದಕ್ಕಿಂತ ಮೊದಲು ಹೆಸರಿಟ್ಟ ಪ್ರಭೇದವೇ ಇದೆಂದು ತೋರಿಸಿ ನಿಮ್ಮ ಹೆಸರನ್ನು ಪರ್ಯಾಯ ನಾಮಗಳ ಸಾಲಿಗೆ ಇಳಿಸಬಹುದು. ಹಾಗೆ ತೋರಿಸಲು ಅವರು ಮೊದಲು ಮಾಡುವ ಕೆಲಸ, ನೀವು ಠೇವಣಿ ಇಟ್ಟ ತಳಿಯನ್ನು ತರಿಸಿಕೊಂಡು ಜೀನೋಮ್ ಓದಿಸುವುದು. ಆದ್ದರಿಂದ ವರ್ಷಕ್ಕೊಮ್ಮೆ ಎಲ್‌ಪಿಎಸ್‌ಎನ್‌ನಲ್ಲಿ ನಿಮ್ಮ ಹೆಸರಿನ ಪುಟ ತೆರೆದು ನೋಡಿ, ಅದೇ ದಿನ ಫ್ರೀಝರ್‌ನಲ್ಲಿರುವ ಒಂದು ಕೊಳವೆಯನ್ನು ತೆಗೆದು ಪ್ಲೇಟಿನ ಮೇಲೆ ಎಳೆದು, ಹತ್ತು ದಿನ ಕಾಯಿರಿ.